ಒಪ್ಪೋಲೆ

ಪೆನ್ಷನ್ ಮೊಹಲ್ಲಾದ ತಿರುವಿನಲ್ಲಿ, ಸೈಕಲ್ ಶಾಪಿನ ಮೇಲೆ
ಧರಣೇಂದ್ರಯ್ಯನವರ ಪ್ರೆಸ್ಸು. ಹತ್ತೊಂಬತ್ತು ವರ್ಷದಿಂದ
ಅಲ್ಲಿ ಕರಡು ತಿದ್ದುವವಳು ನಾನು.
ಕೆಂಪು ರೀಫಿಲ್ಲು ತಿಂಗಳಿಗೆ ಮೂರು, ಪ್ರೆಸ್ಸಿನ ಖರ್ಚು.
ಕಣ್ಣು ನನ್ನದು.

ಈ ವಾರ ಒಂದೇ ಪದ ಮೂರು ವೇಷದಲ್ಲಿ ಮೇಜಿಗೆ ಬಂತು.

ಇನ್ನಾಸಪ್ಪನವರ ಧರ್ಮೋಪದೇಶದ ಪುಸ್ತಿಕೆಯಲ್ಲಿ: ಸೈತಾನ.
ಮೊದಲ ಪರಮಪ್ರಸಾದದ ಮಕ್ಕಳಿಗೆ, ಐನೂರು ಪ್ರತಿ.
ಬೆಳಕು ಹೊತ್ತಿದ್ದವನು, ಗರ್ವದಿಂದ ಬಿದ್ದವನು.
"ಬಿದ್ದವನು ಅಂತಲೇ ಇರಲಿ, ತಾಯಿ.
ತಳ್ಳಿಸಿಕೊಂಡವನು ಅಂದರೆ ಮಕ್ಕಳು ಅಯ್ಯೋ ಅಂದುಬಿಡುತ್ತವೆ."

ಗೌಸ್ ಪೀರ್ ಉಸ್ತಾದರ ಹಾಳೆಗಳಲ್ಲಿ: ಶೈತಾನ್.
ನಾನು ಕೊನೆಗೊಂದು ಅ ಸೇರಿಸಿದ್ದೆ, ಅವರು ಹೊಡೆದುಹಾಕಿದರು.
"ಅವನ ಕಥೆಯೆಲ್ಲ ಇರುವುದು ಆ ನಕಾರದಲ್ಲೇ ಅಮ್ಮ,
ಅದನ್ನು ಮೆತ್ತಗೆ ಮಾಡಬೇಡಿ.
ಮಣ್ಣಿನವನಿಗೆ ಬಾಗು ಅಂದರೆ, ನಾನು ಬೆಂಕಿ ಅಂದ."
ಮೆಟ್ಟಿಲಿಳಿಯುತ್ತ ತಿರುಗಿ ನಿಂತು, ದನಿ ತಗ್ಗಿಸಿ:
"ಒಬ್ಬನನ್ನೇ ಪ್ರೀತಿಸಿದ್ದ, ಇನ್ನೊಬ್ಬರಿಗೆ ಹೇಗೆ ಬಾಗಿಯಾನು
ಅನ್ನುವ ಫಕೀರರೂ ಇದ್ದರು. ಅದು ಅಚ್ಚಿಗಲ್ಲ."

ಸಾಲಗಾಮೆ ರಸ್ತೆಯ ಎಂಜಿನಿಯರಿಂಗ್ ಹುಡುಗ, ನಿಶ್ಚಲ್,
ಗಿಟಾರಿನವರ ಪೋಸ್ಟರಿಗೆ ಬರೆದು ತಂದದ್ದು: ಸೇಟನ್.
ಕೆಳಗೆ ಮೇಕೆಯ ತಲೆ, ಅವನೇ ಬಿಡಿಸಿದ್ದು.
"ಪೂಜೆಗೀಜೆ ಏನಿಲ್ಲ ಆಂಟಿ, ಅವನು ಇಲ್ಲವೇ ಇಲ್ಲ.
ಯಾಕೆ ಅಂತ ಕೇಳೋದಕ್ಕೆ ಒಂದು ಹೆಸರು, ಅಷ್ಟೆ."
ಇಲ್ಲದವನಿಗೆ ಇಷ್ಟು ದಪ್ಪಕ್ಷರ ಯಾಕಪ್ಪ?
ನಕ್ಕು ಇನ್ನೂರು ಅಡ್ವಾನ್ಸ್ ಕೊಟ್ಟ.

ರೋಲರಿನ ಶಾಯಿ ಒರೆಸುತ್ತಿದ್ದ ದ್ಯಾವಯ್ಯ
ಯಾರೂ ಕೇಳದೆ ಹೇಳಿದ:
"ನಮ್ಮ ಹೊಲದ ಬದೀಲಿ ಮೂರು ಕಲ್ಲಿದ್ವು ಕಣಕ್ಕ.
ಅಜ್ಜಿ ಕೋಳಿ ಕೊಡೋಳು.
ಮೇಲುಕೇರಿಯೋರು ಅದನ್ನ ದೆವ್ವ ಅಂದ್ರು.
ಪ್ರಾರ್ಥನೆಗೆ ಹೋಗೋ ನಮ್ ಭಾವ ಸೈತಾನ ಅಂದ.
ಕಲ್ಲು ಯಾರಿಗೂ ಏನೂ ಅನ್ಲಿಲ್ಲ."

"ನಮ್ಮಲ್ಲಿ ಅವನಿಗೆ ಕೆಲಸವೇ ಇಲ್ಲ," ಧರಣೇಂದ್ರಯ್ಯ.
"ಮಾಡಿದ್ದು ನಾವೇ, ಅಂಟಿಕೊಳ್ಳುವುದು ನಮಗೇ."
ಬಿಲ್ ಬುಕ್ಕು ತೆರೆದರು.

ಚಹಾ ಕುಡಿಯುತ್ತ ಇನ್ನಾಸಪ್ಪ ಇನ್ನೊಂದು ಮಾತು ಹೇಳಿದ್ದರು:
ಇಬ್ರಿಯರಲ್ಲಿ ಅದು ಮೊದಲು ಹೆಸರಲ್ಲ, ಹುದ್ದೆ.
ದೇವರ ಕಚೇರಿಯಲ್ಲಿ ಎದ್ದು ನಿಂತು
ಸ್ವಾಮಿ, ಇಲ್ಲೊಂದು ತಪ್ಪಿದೆ, ಅನ್ನುವವನು.
ನನ್ನ ಕೈಯಲ್ಲಿ ಪೆನ್ನಿತ್ತು.
ಇಬ್ಬರೂ ಅದನ್ನೇ ನೋಡಿದೆವು.

ನಾದಿನಿಯ ಮಗಳ ಲಗ್ನಪತ್ರಿಕೆಯಲ್ಲಿ
ಒಂದು ದೀರ್ಘ ತಪ್ಪಿತ್ತು. ಹಂಚಿಯಾದ ಮೇಲೆ ಹೇಳಿದೆ.
ಏಳು ವರ್ಷವಾಯಿತು, ಅವರು ನನ್ನೊಡನೆ ಮಾತಾಡಿ.

ಪುಸ್ತಿಕೆ ಅಚ್ಚಾಗಿ ಬಂತು.
ಶೋಧನೆಯಲ್ಲಿ ಬೀಳದಂತೆ ಕಾಯಿ ಎಂದಿರಬೇಕಾದಲ್ಲಿ
ಶೋಭನೆಯಲ್ಲಿ.
ಒಂದು ಧ, ಒಂದು ಭ. ಐನೂರು ಮಕ್ಕಳ ಪ್ರಾರ್ಥನೆ.
"ಅಚ್ಚುಮನೆಯ ರಾಕ್ಷಸನ ಹಾವಳಿ ಅಂತ ಹಾಕಿಬಿಡಿ,
ಎಲ್ಲರೂ ಹಾಕೋದು ಅದೇ," ಎಂದ ದ್ಯಾವಯ್ಯ.
ಬೇಡ. ಅವನು ಆ ಹೊತ್ತು ಇಲ್ಲಿರಲಿಲ್ಲ.
ನಾನಿದ್ದೆ, ನಿದ್ದೆಗೆಟ್ಟಿದ್ದೆ.

ಕನ್ನಡ ಇದನ್ನು ತಪ್ಪೋಲೆ ಎನ್ನಲಿಲ್ಲ, ಒಪ್ಪೋಲೆ ಎಂದಿತು.
ಬೆರಳಗಲದ ಚೀಟಿ ಬರೆದೆ. ಮೂರು ಸಲ ಓದಿದೆ.
ನನ್ನ ಕಣ್ಣನ್ನು ನಾನೇ ನಂಬದೆ,
ಪೋಸ್ಟರ್ ಒಯ್ಯಲು ಬಂದ ನಿಶ್ಚಲನ ಕೈಗೆ ಪೆನ್ನು ಕೊಟ್ಟು
ತಪ್ಪು ಹುಡುಕು ಅಂದೆ.

ಕುರ್ಚಿಯ ತುದಿಯಲ್ಲಿ ಕೂತ, ಉಗುರಿಗೆಲ್ಲ ಕಪ್ಪು ಬಣ್ಣ,
ಪುಸ್ತಿಕೆ ತೆರೆದು, ಪ್ರಾರ್ಥನೆಯನ್ನು ತುಟಿಯಲ್ಲಾಡಿಸಿ ಓದಿದ.
"ಆಂಟಿ, ಪುಟ ಹನ್ನೊಂದಲ್ಲ. ಹನ್ನೆರಡು."

ತಿದ್ದಿದೆ.
ಪೋಸ್ಟರುಗಳನ್ನು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ.
ಅವನ ಮೇಕೆಗೆ ಒಂದು ಕಿವಿ ಇನ್ನೊಂದರ ಅರ್ಧಕ್ಕಿತ್ತು.
ಹೇಳಲಿಲ್ಲ.